ಬಸಗೊಂಡಪ್ಪ ಕಾಕಾನ ಟಗರಿಗೆ ನಾನು ಕೇಳಿದ ಬೆಲೆ

ಕಿಡ್ನಿ ಕೆಟ್ಟವರನ್ನು ಹಳ್ಳಿಯಿಂದ ವಿಜಯಪುರದ ಡಯಾಲಿಸಿಸ್ ಯಂತ್ರಕ್ಕೆ ಒಯ್ಯುವುದು, ನಾಲ್ಕು ತಾಸು ಕಾಯುವುದು, ಮತ್ತೆ ಅವರವರ ಮನೆಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬಬಲೇಶ್ವರದ ಕಡೆಯವರು. ಮಂಗಳವಾರ, ಗುರುವಾರ, ಶನಿವಾರ ತಿಕೋಟಾದ ಕಡೆಯವರು. ರವಿವಾರ ಜೀಪು ತೊಳೆಯುವುದು. ಕಣ್ಣಿಗೆ ಪೊರೆ ಬಂದ ಮೇಲೆ ಸ್ಟೇರಿಂಗ್ ಬಿಟ್ಟು ಇಟ್ಟಂಗಿಹಾಳದ ಮನೆಯಲ್ಲಿ ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿದ ಡ್ರೈವರುಗಳು ಆಗಾಗ ಬರುತ್ತಾರೆ. ಯಾವ ರಸ್ತೆ ಚಲೋ ಇದೆ, ಆಸ್ಪತ್ರೆಯಲ್ಲಿ ಗಾಡಿ ಎಲ್ಲಿ ನಿಲ್ಲಿಸಬೇಕು, ಯಾರ ಕೈಕಾಲು ಹಿಡಿದರೆ ಬೆಳಗಿನ ಸರದಿ ಸಿಗುತ್ತದೆ ಎಂದೆಲ್ಲ ಕೇಳುತ್ತಾರೆ. ಗಾಡಿಯಲ್ಲಿ ಕೂತವರ ಜೊತೆ ಹೇಗೆ ಮಾತಾಡಬೇಕು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅದನ್ನೇನು ಕೇಳುವುದು, ಬಾಯಿ ಎಲ್ಲರಿಗೂ ಇದೆಯಲ್ಲ ಎಂದು ಅವರ ತಿಳುವಳಿಕೆ.

ನನ್ನದೂ ಅದೇ ತಿಳುವಳಿಕೆಯಾಗಿತ್ತು. ಅದರ ಫಲವಾಗಿ ನಿಡೋಣಿಯ ಬಸಗೊಂಡಪ್ಪ ಕಾಕಾ ಯಂತ್ರಕ್ಕೆ ಬರುವುದನ್ನೇ ಬಿಟ್ಟುಬಿಟ್ಟರು. ಯಂತ್ರ ಬಿಟ್ಟವರು ಎಷ್ಟು ದಿನ ಇರುತ್ತಾರೆ ಎಂಬುದು ಆ ರಸ್ತೆಯಲ್ಲಿ ಓಡಾಡಿದ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಬಾಯಿಯಿಂದ ಬಿದ್ದ ಒಂದು ಮಾತಿಗೆ ಒಂದು ಜೀವ ಹೋಗುವುದರಲ್ಲಿತ್ತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ನನ್ನ ವಿದ್ಯೆ ಎಷ್ಟು, ಅದನ್ನು ಎಲ್ಲಿ ಕಲಿತೆ ಎಂಬುದು ತಿಳಿದಿರಲಿ.

ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಸೊಲ್ಲಾಪುರ ರಸ್ತೆಯ ಒಂದು ಗ್ಯಾರೇಜಿನಲ್ಲಿ ನಟ್ಟು ಬೋಲ್ಟು ತೊಳೆಯುತ್ತ, ಲಾರಿಯಲ್ಲಿ ಕ್ಲೀನರಾಗಿ ತಿರುಗುತ್ತ ಗಾಡಿ ಕಲಿತೆ. ಗುಜರಿಗೆ ಹೋಗಬೇಕಿದ್ದ ಜೀಪನ್ನು ಅದರ ಯಜಮಾನನ ಜೊತೆ ಹನ್ನೊಂದು ದಿನ ಜಗ್ಗಾಡಿ ತಂದೆ. ಬೆಲೆ ಜಗ್ಗದೆ ನಾನು ಈ ಜನ್ಮದಲ್ಲಿ ಒಂದು ಡಜನ್ ಬಾಳೆಹಣ್ಣೂ ಕೊಂಡಿಲ್ಲ. ದ್ರಾಕ್ಷಿ ಬಾಕ್ಸು ಹೊತ್ತೆ, ಕುರಿ ಹೊತ್ತೆ, ಬೀಗರನ್ನು ಹೊತ್ತೆ. ಒಮ್ಮೆ ಡಯಾಲಿಸಿಸ್‌ನವರನ್ನು ಹೊರಲು ಶುರು ಮಾಡಿದ ಮೇಲೆ ಊರು ಜೀಪಿಗೆ ಹೆಸರಿಟ್ಟಿತು: ಹೆಣದ ಗಾಡಿ. ನಮ್ಮ ಸ್ವಂತ ಸೋದರಮಾವ ಮಗಳ ಮದುವೆಯ ದಿಬ್ಬಣಕ್ಕೆ ಬೇರೆ ಗಾಡಿ ಕರೆಸಿ, ನನ್ನದನ್ನು ಓಣಿಯ ತುದಿಯಲ್ಲಿ ನಿಲ್ಲಿಸು ಎಂದ. ನಾನು ಅವನ ಮನೆಯ ಬಾಗಿಲಿಗೇ ನಿಲ್ಲಿಸಿ, ಇಳಿದು, ಅಕ್ಷತೆ ಹಾಕಿ, ಉಂಡು ಬಂದೆ. ಜೀವ ಉಳಿಸಿಕೊಳ್ಳಲು ಹೋಗುವವರು ಕೂತ ಗಾಡಿ ಅಪಶಕುನವಾದರೆ, ಹಾಗೆ ಹೇಳುವವರ ಬಾಯಿ ಇನ್ನೆಷ್ಟು ಅಪಶಕುನವಿರಬೇಕು.

ಈ ಮಂದಿಯ ಜೊತೆ ಮಾತಾಡುವ ವಿದ್ಯೆಯ ಮೊದಲ ಪಾಠವನ್ನು ನನಗೆ ಬೈದು ಕಲಿಸಿದವರು ತಿಕೋಟಾದ ಗಂಗೂಬಾಯಿ ಆಯಿ. ಮೊದಲ ವರ್ಷ ಜೀಪು ಹತ್ತಿದವರಿಗೆಲ್ಲ ನಾನು "ಈಗ ಆರಾಮ ಅದೀರೇನ್ರಿ?" ಎಂದು ಕೇಳುತ್ತಿದ್ದೆ. ಪ್ರೀತಿಯಿಂದಲೇ ಕೇಳುತ್ತಿದ್ದೆ. ಒಂದು ಗುರುವಾರ ಆಯಿ ಒಂದು ಕಾಲು ಜೀಪಿನೊಳಗೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡೇ ನಿಂತುಬಿಟ್ಟರು.

"ಆರಾಮ ಇದ್ದಿದ್ರ ನಿನ್ನ ಈ ಖಟಾರಾ ಗಾಡ್ಯಾಗ ಯಾಕ ಕುಂದರ್ತಿದ್ನೋ ಯಪ್ಪಾ? ನೀ ದಿನಾ ಕೇಳ್ತಿ, ನಾ ದಿನಾ ಇಲ್ಲ ಅನಬೇಕು. ನಾಪಾಸಾದಾಂವಗ ಹಾದ್ಯಾಗ ನಿಲ್ಲಿಸಿ ರಿಜಲ್ಟ ಕೇಳಿದಂಗ ಆತು."

ಆ ಮೇಲೆ ನಾನು ಆ ಪ್ರಶ್ನೆ ಬಿಟ್ಟೆ. ಮುಂದೆ ಕೂಡುತ್ತೀರೋ ಹಿಂದೋ, ಗಾಳಿ ಬೇಕೋ ಬೇಡವೋ, ಹಾಡು ಹಚ್ಚಲೋ ಸುಮ್ಮನೆ ಹೋಗೋಣವೋ ಎಂದು ಕೇಳತೊಡಗಿದೆ. ಇವು ಸಣ್ಣ ಪ್ರಶ್ನೆಗಳು. ಆದರೆ ಇವಕ್ಕೆ ಅವರ ಹತ್ತಿರ ಉತ್ತರವಿತ್ತು, ಆ ಉತ್ತರದಂತೆ ಏನಾದರೂ ನಡೆಯುತ್ತಿತ್ತು. ಎಷ್ಟು ನೀರು ಕುಡಿಯಬೇಕು, ಎಷ್ಟು ಉಪ್ಪು ತಿನ್ನಬೇಕು, ಯಾವಾಗ ಸೂಜಿ ಚುಚ್ಚಿಸಿಕೊಳ್ಳಬೇಕು ಎಂಬುದನ್ನೆಲ್ಲ ಬೇರೆಯವರು ಹೇಳುತ್ತಿರುವಾಗ, ಕಿಟಕಿ ತೆರೆಯುವ ಅಧಿಕಾರವಾದರೂ ಮನುಷ್ಯನಿಗೆ ಇರಲಿ.

ಎರಡನೆಯ ಪಾಠವೂ ಆಯಿಯದೇ. ನಮ್ಮ ಕಡೆ ಯಾರಾದರೂ ಬೇನೆಬಿದ್ದರೆ ಬಂಧುಗಳು "ಮಾತಾಡಿಸಾಕ" ಬರುತ್ತಾರೆ. ಬರಿಗೈಲಿ ಬರಬಾರದು. ತಿಕೋಟಾ ಎಂದರೆ ದ್ರಾಕ್ಷಿಯ ಸೀಮೆ, ಅಲ್ಲಿಯವರು ಮಣೂಕ, ಅಂದರೆ ಒಣದ್ರಾಕ್ಷಿ ತರುತ್ತಾರೆ. ದೂರದವರು ಎಳನೀರು ತರುತ್ತಾರೆ. ಕಿಡ್ನಿ ಕೆಟ್ಟವರಿಗೆ ಈ ಎರಡೂ ಆಗಿಬರದ ವಸ್ತುಗಳು. ಬಂದವರು ಕೂತು, ಇದೇ ರೋಗದಿಂದ ಯಾವ ಊರಿನ ಯಾರು ಹೇಗೆ ಹೋದರು ಎಂದು ಹೇಳಿ, ಒಂದಿಷ್ಟು ಕಣ್ಣೀರು ಹಾಕಿ, ಚಾ ಕುಡಿದು ಹೋಗುತ್ತಾರೆ. ಒಂದು ದಿನ ಆಯಿಯನ್ನು ಮನೆಗೆ ಬಿಡಲು ಹೋದಾಗ ಒಬ್ಬ ಬೀಗತಿ ಎಳನೀರು ಕೊಚ್ಚಿ ಬಾಯಿಗೆ ಹಿಡಿದಿದ್ದಳು. ನಾನು ಓಡಿಹೋಗಿ ಅದನ್ನು ಕಸಿದು, ಇದು ವಿಷ, ಕೊಲ್ಲಲು ಬಂದೀರಾ ಎಂದು ಕೂಗಾಡಿದೆ. ಬೀಗತಿ ಅತ್ತು ಹೊರಟುಹೋದಳು. ಆಯಿ ನನಗೆ ಶಾಬಾಸ್ ಅನ್ನುತ್ತಾರೆ ಎಂದುಕೊಂಡು ನಿಂತಿದ್ದೆ. ಅವರು ಹೇಳಿದ್ದು ಬೇರೆ: "ನನ್ನ ಬಾಯಿ ನಂದೈತಿ. ಕಾವಲಿಗೆ ನಿನ್ನ ಯಾರು ಇಟ್ರು? ನಾ ಆಕಿಗೆ ಹೇಳೂ ರೀತಿಲೇ ಹೇಳ್ತಿದ್ನಿ."

ಅವರ ರೀತಿ ಯಾವುದು ಎಂಬುದನ್ನು ಮುಂದೆ ನೋಡಿದೆ. ಯಾರು ಎಳನೀರು ತಂದರೂ ಆಯಿ ಬಹಳ ಸಂತೋಷದಿಂದ ಇಸಿದುಕೊಳ್ಳುವರು. ಅದನ್ನು ತಂದವರ ಕೈಗೇ ಮರಳಿ ಕೊಟ್ಟು, ನೀವು ಬಿಸಿಲಲ್ಲಿ ಬಂದಿದ್ದೀರಿ, ನೀವೇ ಕುಡಿಯಿರಿ, ನೀವು ಕುಡಿಯುವುದನ್ನು ನೋಡಿದರೆ ನನ್ನ ಹೊಟ್ಟೆ ತಂಪಾಗುತ್ತದೆ ಎನ್ನುವರು. ಒಬ್ಬರಾದರೂ ಬೇಸರ ಮಾಡಿಕೊಂಡದ್ದನ್ನು ನಾನು ಕಾಣಲಿಲ್ಲ. ವರ್ಷಗಟ್ಟಲೆ ರೋಗದ ಜೊತೆ ಸಂಸಾರ ಮಾಡಿದವರಿಗೆ ಆ ಸಂಸಾರದ ಒಳಹೊರಗು ನಮಗಿಂತ ಹೆಚ್ಚು ಗೊತ್ತಿರುತ್ತದೆ. ನಡುವೆ ಹಾರುವ ಮೊದಲು ಕೇಳಬೇಕು, ಇಷ್ಟೇ.

ಆಸ್ಪತ್ರೆಯಲ್ಲೂ ನಾನು ಜಗಳ ಮಾಡಿದ್ದೇನೆ. ಒಬ್ಬ ದೊಡ್ಡ ಡಾಕ್ಟರು ಬಂದು, ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುವ ಮನುಷ್ಯನ ತಲೆಯ ಮೇಲಿಂದ ನನ್ನನ್ನು ಕೇಳುತ್ತಿದ್ದರು: ಇವರು ಎಷ್ಟು ನೀರು ಕುಡಿದಿದ್ದಾರೆ, ಇವರು ಗುಳಿಗೆ ನುಂಗಿದ್ದಾರಾ. ಎರಡು ಸಲ ಉತ್ತರ ಹೇಳಿದೆ. ಮೂರನೆಯ ಸಲ, "ಅವ್ರ ಬಾಯಿ ಅವ್ರ ಹಂತ್ಯಾಕ ಐತ್ರಿ ಸಾಹೇಬ್ರ, ಅವ್ರನ್ನ ಕೇಳ್ರಿ" ಅಂದೆ. ಅವರು ನನ್ನನ್ನು ಹೊರಗೆ ಹಾಕಿಸಿದರು. ಒಂದು ವಾರ ಬಾಗಿಲಾಚೆ ಬೆಂಚಿನ ಮೇಲೆ ಕೂತೆ. ಅದರಿಂದ ನನಗೇನೂ ಕಡಿಮೆಯಾಗಲಿಲ್ಲ. ನಾನು ಒಳಗಿಲ್ಲದ ಕಾರಣ ಸಾಹೇಬರು ಮಲಗಿದವರನ್ನೇ ಕೇಳಬೇಕಾಯಿತು.

ಆ ವಿಭಾಗದ ಮುಖ್ಯಸ್ಥೆ ಕಸ್ತೂರಿ ಸಿಸ್ಟರ್. ಅವರ ಮಾತು ಬಹಳ ಕಡಿಮೆ, ಇದ್ದದ್ದೂ ಒಣ. ಹೊಸಬರು ಅವರನ್ನು ಕಲ್ಲು ಎನ್ನುತ್ತಿದ್ದರು. ಆದರೆ ರೋಗಿಗಳು ಅವರ ಪಾಳಿ ಇರುವ ದಿನವೇ ಬೇಕು ಎಂದು ಬೇಡುತ್ತಿದ್ದರು. ಒಮ್ಮೆ ಏಕೆಂದು ಕೇಳಿದ್ದಕ್ಕೆ ಒಬ್ಬರು ಹೇಳಿದರು: ಆ ಬಾಯಿ ನಮ್ಮನ್ನು ನೋಡಿ ಲೊಚಗುಟ್ಟುವುದಿಲ್ಲ.

ಇಷ್ಟೆಲ್ಲ ಕಲಿತ ಮೇಲೂ ನಾನು ಬಸಗೊಂಡಪ್ಪ ಕಾಕಾನ ವಿಷಯದಲ್ಲಿ ಎಡವಿದೆ.

ಕಾಕಾ ಕುರಿ ಸಂತೆಯ ದಲಾಲಿ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಮಾತಿನ ಬಲದಿಂದ ಸಂತೆಗೆ ಹೊಕ್ಕವರು. ಕೊಳ್ಳುವವನಿಗೂ ಮಾರುವವನಿಗೂ ನಡುವೆ ಕೂತು ಬೆಲೆ ಕುದುರಿಸುವುದು ಅವರ ಕಸುಬು. ತಮ್ಮವೂ ಒಂದೆರಡು ಟಗರು ಸಾಕುತ್ತಿದ್ದರು. ನಮ್ಮ ಸಂತೆಗಳಲ್ಲಿ ದರವನ್ನು ಬಾಯಿಯಿಂದ ಹೇಳುವ ರೂಢಿ ಕಡಿಮೆ. ಒಬ್ಬರ ಬಲಗೈ ಇನ್ನೊಬ್ಬರ ಬಲಗೈಯಲ್ಲಿ, ಮೇಲೊಂದು ಟವೆಲ್. ಕೆಳಗೆ ಬೆರಳು ಹಿಡಿದು, ಮಡಿಚಿ, ಒತ್ತಿ ಲೆಕ್ಕ ಹೇಳುತ್ತಾರೆ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ. ಡಯಾಲಿಸಿಸ್‌ಗಾಗಿ ಕೈಯಲ್ಲಿ ನರ ಜೋಡಿಸುವ ಆಪರೇಶನ್ ಮಾಡುವಾಗ ಕಾಕಾ ಡಾಕ್ಟರಿಗೆ ಕೈ ಮುಗಿದು, ಎಡಗೈಯಲ್ಲೇ ಮಾಡಿರಿ, ಬಲಗೈ ನನ್ನ ಅಂಗಡಿ ಎಂದಿದ್ದರಂತೆ.

ಅವರು ರೋಗವನ್ನು ಸಂತೆಯಿಂದ ಮುಚ್ಚಿಟ್ಟಿದ್ದರು. ಬಿರುಬಿಸಿಲಲ್ಲೂ ತುಂಬುತೋಳಿನ ಅಂಗಿ. ವಾರಕ್ಕೆ ಮೂರು ದಿನ ವಿಜಯಪುರಕ್ಕೆ ಏಕೆ ಹೋಗುತ್ತೀರಿ ಎಂದರೆ, ಹೊಲದ ಕೋರ್ಟ್ ಕೇಸು ಎನ್ನುವರು. ಎರಡು ವರ್ಷ ಎಲ್ಲರೂ ನಂಬಿದ್ದರು. ಜೀಪಿನಲ್ಲಿ ಒಮ್ಮೆ ನಾನು ನಕ್ಕಾಗ, "ಜಡ್ಡ ಐತಿ ಅಂದ್ರ ಯಾವಾಗ ಗುಣ ಆಗತೈತಿ ಅಂತ ಜೀವಾ ತಿಂತಾರ. ಕೇಸ್ ಐತಿ ಅಂದ್ರ ಯಾವಾಗ ಮುಗೀತೈತಿ ಅಂತ ಒಬ್ಬರೂ ಕೇಳಂಗಿಲ್ಲ ನೋಡು," ಅಂದರು. ನಾನೂ ಆ ಗುಟ್ಟಿನ ಪಾಲುದಾರನಾಗಿದ್ದೆ.

ಸೋಮವಾರ ಸಂತೆ, ಅವತ್ತು ಅವರ ಸರದಿ ಮಧ್ಯಾಹ್ನಕ್ಕೆ ಇರುತ್ತಿತ್ತು. ಬೆಳಿಗ್ಗೆ ವ್ಯಾಪಾರ ಮುಗಿಸಿ ಸಂತೆಯ ಮೂಲೆಗೆ ಬಂದು ನಿಲ್ಲುವರು, ನಾನು ಹತ್ತಿಸಿಕೊಳ್ಳುವೆ. ಒಂದು ಸೋಮವಾರ ಆ ಮೂಲೆಗೆ ಬರಲಿಲ್ಲ. ಜೀಪಿನಲ್ಲಿ ನಾಲ್ವರು ಕೂತಿದ್ದಾರೆ, ಹೊತ್ತಾಗುತ್ತಿದೆ, ಯಂತ್ರ ತಪ್ಪಿದರೆ ಬೇರೆಯವರಿಗೆ ಕೊಡುತ್ತಾರೆ. ಸಿಟ್ಟು ಬಂತು. ಇಳಿದು ಒಳಗೆ ಹೋದೆ. ಕಾಕಾ ಒಬ್ಬ ವ್ಯಾಪಾರಿಯ ಕೈ ಹಿಡಿದು, ಟವೆಲ್ ಹೊದಿಸಿ, ಭರ್ಜರಿ ಕುದುರಿಸುತ್ತಿದ್ದರು. ಸುತ್ತ ಹತ್ತಿಪ್ಪತ್ತು ಮಂದಿ. ನಾನು ಹತ್ತಿರ ಹೋಗಿ ಕಣ್ಸನ್ನೆ ಮಾಡಿದರೆ ಸಾಕಿತ್ತು. ಕೋರ್ಟಿಗೆ ಹೊತ್ತಾಯಿತು ಎಂದರೂ ಸಾಕಿತ್ತು.

"ಕಾಕಾ, ಡಯಾಲಿಸಿಸ್‌ಗೆ ತಡಾ ಆತ್ರಿ. ಆಮ್ಯಾಲ ಮೈಯಾಗ ನೀರ ತುಂಬಿ ಉಸರ ಹಿಡದ್ರ ನನಗ ಅನಬ್ಯಾಡ್ರಿ," ಎಂದು ದೂರದಿಂದಲೇ ಕೂಗಿದೆ.

ಸುತ್ತಲಿದ್ದವರೆಲ್ಲ ಕಾಕಾನ ಕಡೆ ತಿರುಗಿದರು. ಆ ವ್ಯಾಪಾರಿ ಟವೆಲ್ ಕೆಳಗಿನಿಂದ ಮೆಲ್ಲಗೆ ಕೈ ಎಳೆದುಕೊಂಡ. ಅಂಟುಜಾಡ್ಯವೇನೂ ಅಲ್ಲ ಎಂದು ಅವನಿಗೂ ಗೊತ್ತಿರಬಹುದು. ಆದರೂ ಎಳೆದುಕೊಂಡ. "ನೀವು ಅಂದಷ್ಟ ಕೊಡ್ತೀನಿ ತಗೋರಿ ಕಾಕಾ, ನಿಮ್ಮ ಕೂಡ ಏನ ಚೌಕಾಸಿ," ಎಂದು ನೋಟು ಎಣಿಸತೊಡಗಿದ.

ಕಾಕಾ ಬಂದು ಜೀಪು ಹತ್ತಿದರು. ಸರದಿಗೆ ಸರಿಯಾಗಿ ಮುಟ್ಟಿಸಿದೆನಲ್ಲ ಎಂದು ನಾನು ನನ್ನನ್ನೇ ಹೊಗಳಿಕೊಂಡಿದ್ದೆ.

ಮುಂದಿನ ಎರಡು ಸಂತೆಗಳಲ್ಲಿ ಏನಾಯಿತು ಎಂಬುದನ್ನು ನನಗೆ ಹೇಳಿದವರು ಅವರ ಮನೆಯವರು ನೀಲವ್ವ ಕಾಕು. ಕಾಕಾನ ಜೊತೆ ಯಾರೂ ಬೆಲೆ ಜಗ್ಗಲಿಲ್ಲವಂತೆ. ಕೊಳ್ಳುವವರು ಹೇಳಿದಷ್ಟು ಕೊಟ್ಟರಂತೆ, ಮಾರುವವರು ಕೇಳಿದಷ್ಟಕ್ಕೆ ಬಿಟ್ಟರಂತೆ. ನಲವತ್ತು ವರ್ಷ ಎದುರಾಳಿಯಾಗಿ ಜಗಳಾಡಿದ ಒಬ್ಬ ದಲಾಲಿ ಇವರ ತಲೆ ಮೇಲೆ ಕೈಯಿಟ್ಟು, ಇನ್ನು ವಿಶ್ರಾಂತಿ ತಗೋ ಎಂದನಂತೆ. ಬೇರೆಯವರಿಗೆ ಇದು ಲಾಭ ಎನಿಸಬಹುದು. ಕುದುರಿಸುವುದನ್ನೇ ಕಸುಬು ಮಾಡಿಕೊಂಡವನಿಗೆ ಕುದುರಿಸದೆ ಕೊಟ್ಟರೆ, ಅದು ಬದುಕಿರುವಾಗಲೇ ಪಿಂಡ ಇಟ್ಟಂತೆ. ಕಾಕಾ ಸಂತೆ ಬಿಟ್ಟರು. ಅದಾದ ಮೇಲೆ ಒಂದು ಸೋಮವಾರ ಜೀಪಿಗೆ ಬರಲಿಲ್ಲ. ಒಲ್ಲೆ ಅನ್ನುತ್ತಾರೆ ಎಂದು ಕಾಕು ಬಾಗಿಲಲ್ಲೇ ಕೈಯಾಡಿಸಿದರು. ಬುಧವಾರವೂ ಬರಲಿಲ್ಲ.

ಬುಧವಾರ ಸಂಜೆ ಕಸ್ತೂರಿ ಸಿಸ್ಟರ್ ನನ್ನನ್ನು ಕರೆದು ಖಾಲಿ ಮಂಚ ತೋರಿಸಿದರು. "ಎರಡು ಸರದಿ ಹೋದವು ಸಿದ್ರಾಮ. ಮೂರನೇದು ಹೋದರೆ ನನಗೆ ಮಾಡಾಕ ಬರೂದು ಭಾಳ ಕಡಿಮಿ ಉಳಿತೈತಿ." ಏನಾಯಿತು ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆ ಎಂದುಕೊಂಡರೆ ಬೈಯಲಿಲ್ಲ. ಶುಕ್ರವಾರ ಮಂಚ ಖಾಲಿ ಇಟ್ಟಿರುತ್ತೇನೆ ಎಂದಷ್ಟೇ ಹೇಳಿ ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ ನಿಡೋಣಿಯ ಅವರ ಮನೆಗೆ ಹೋದಾಗ ಪಡಸಾಲೆಯ ತುಂಬ ಮಾತಾಡಿಸಲು ಬಂದವರು. ಕಾಕಾ ಗೋಡೆಗೆ ತಲೆದಿಂಬು ಕೊಟ್ಟು ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಪಾದ ಉಬ್ಬಿ ಹೊಳೆಯುತ್ತಿದ್ದವು, ಮುಖ ಬಾತಿತ್ತು. ಹಟ ಬಿಡು, ಮೊಮ್ಮಕ್ಕಳ ಮುಖ ನೋಡು ಎಂದು ಒಬ್ಬರು. ದೇವರು ದೊಡ್ಡವನು ಎಂದು ಇನ್ನೊಬ್ಬರು. ಒಬ್ಬ ಹಿರಿಯ, ಎಲ್ಲ ಅವರವರ ಹಣೆಬರಹ ಎಂದು ಆಗಲೇ ಮುಗಿಸಿಬಿಟ್ಟಿದ್ದ. ಕಾಕಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನಾನು ಕಾಲು ಹಿಡಿದು ತಪ್ಪಾಯಿತು ಎಂದೆ.

"ನೀ ಏನ ಸುಳ್ಳ ಹೇಳಿಯೇನ?" ಅಂದರು. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ಖರೇನ ಹೇಳಿದಿ. ಹೋಗು, ಗಾಡ್ಯಾಗ ಮಂದಿ ಕುಂತಾರ."

ಎದ್ದು ಹೊರಗೆ ಬಂದೆ. ಆಗ ಒಂದು ವಿಷಯ ಹೊಳೆಯಿತು, ಅದನ್ನು ನಿಮಗೂ ಹೇಳುತ್ತೇನೆ. ನಾನು ಮಾಫಿ ಕೇಳಿದ್ದು ನನ್ನ ಎದೆಯ ಭಾರ ಇಳಿಸಲು. ಉಸಿರಿಗೆ ಪರದಾಡುವ ಮನುಷ್ಯನ ಮೇಲೆ ಅದನ್ನು ಇಳಿಸಿ, ನೀನೇ ನನ್ನನ್ನು ಸಮಾಧಾನ ಮಾಡು ಎಂದು ಕೂತಿದ್ದೆ. ಒಳಗಿದ್ದ ಅಷ್ಟೂ ಮಂದಿ ಮಾಡುತ್ತಿದ್ದದ್ದು ಅದನ್ನೇ. ಅವರವರ ಅಳು ಅವರವರು ತಂದು ಕಾಕಾನ ಮುಂದೆ ಸುರಿಯುತ್ತಿದ್ದರು.

ಅಂಗಳದ ಬೇವಿನ ಮರಕ್ಕೆ ಟಗರು ಕಟ್ಟಿತ್ತು. ಕರಿ ಬಣ್ಣ, ಹಣೆಯ ಮೇಲೆ ಬಿಳಿ ಮಚ್ಚೆ, ಎದೆ ಅಗಲ. ಕಾಕಾ ಮರಿಯಿಂದ ಸಾಕಿದ್ದು. ಸುತ್ತ ಐದೂರಲ್ಲಿ ಅಂಥದು ಇರಲಿಲ್ಲ. ಅದನ್ನು ನೋಡುತ್ತ ನಿಂತೆ. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಹೆಗಲ ಮೇಲಿನ ಟವೆಲ್ ತೆಗೆದು ಜಾಡಿಸಿ, ಮತ್ತೆ ಒಳಗೆ ಹೋದೆ. ಅಳುತ್ತಿದ್ದವರನ್ನು ಸರಿಸಿ ಕಾಕಾನ ಎದುರು ಕೂತೆ. ಅವರ ಬಲಗೈ ಹಿಡಿದು ಟವೆಲ್ ಹೊದಿಸಿದೆ.

"ಹೊರಗಿನ ಟಗರ ನನಗ ಬೇಕ್ರಿ ಕಾಕಾ," ಎಂದು ಹೇಳಿ ಬೆರಳು ಹಿಡಿದೆ.

ನಾನು ಎಷ್ಟು ಕೇಳಿದೆ ಎಂಬುದನ್ನು ಬರೆಯುವುದಿಲ್ಲ. ಟವೆಲ್ ಕೆಳಗಿನ ಮಾತು ಹೊರಗೆ ಬರಬಾರದು. ನಾಚಿಕೆಗೆಟ್ಟ ಬೆಲೆ ಕೇಳಿದೆ ಎಂದರೆ ಸಾಕು. ಪಡಸಾಲೆಯಲ್ಲಿ ಯಾರೋ ನನಗೆ ಹೆಸರಿಟ್ಟು ಬೈದರು. ಸಾಯುವವನ ಮನೆಗೆ ಬಂದು ಟಗರು ಹೊಡೆಯಲು ನೋಡುತ್ತಿದ್ದಾನೆ, ಇವನು ಮನುಷ್ಯನೋ ಹದ್ದೋ ಎಂದರು. ನೀಲವ್ವ ಕಾಕು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಕಾಕಾನ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಮೊದಲು ಏನೂ ಆಗಲಿಲ್ಲ. ಆ ಕೈ ಒದ್ದೆ ಬಟ್ಟೆಯ ಹಾಗೆ ನನ್ನ ಕೈಯಲ್ಲಿ ಬಿದ್ದಿತ್ತು. ಆಮೇಲೆ ಅವರು ನನ್ನ ತೋರುಬೆರಳನ್ನು ಹಿಡಿದು ಎಷ್ಟು ಬಲವಾಗಿ ತಿರುಚಿದರೆಂದರೆ ನನ್ನ ಕಣ್ಣಲ್ಲಿ ನೀರು ಬಂತು.

"ಲೇ, ಅದು ಟಗರೋ, ಹುಂಜೋ?"

"ಟಗರ ಅಂತ ಅದರ ಕೋಡು ಹೇಳ್ತಾವ್ರಿ. ಮೈ ನೋಡಿದ್ರ ಸಂಶೆ ಬರತೈತಿ. ಹಿಂದಿನ ಎಡಗಾಲು ಎಳಿತೈತಿ."

"ನಿನ್ನ ಕಣ್ಣಾಗ ಪೊರಿ ಬಂದೈತಿ. ಹಲ್ಲ ನೋಡೀಯೇನ?"

"ನೋಡೇನಿ. ಮುದಿಯಾಗೈತಿ. ಇನ್ನೆರಡ ತಿಂಗಳಿಗೆ ಭಾಂವಿಗೆ ಒಗೀಬೇಕಾಕ್ಕೈತಿ."

ಕಾಕಾ ಗೋಡೆ ಬಿಟ್ಟು ಮುಂದಕ್ಕೆ ಬಾಗಿದರು. ಉಸಿರು ಸೀಟಿ ಹೊಡೆಯುತ್ತಿತ್ತು, ಆದರೂ ಬೈಗುಳ ಪೂರಾ ಬರುತ್ತಿದ್ದವು. ನಮ್ಮಪ್ಪನನ್ನು, ನನ್ನ ಜೀಪನ್ನು, ನಾನು ಕುರಿಯ ಹಿಂದು ಮುಂದು ಅರಿಯದವನು ಎಂಬುದನ್ನು ಒಂದೂ ಬಿಡಲಿಲ್ಲ. ನಾನು ಚೂರು ಏರಿಸಿದೆ. ಅವರು ನನ್ನ ಬೆರಳು ಮಡಿಚಿ ಒತ್ತಿದರು. ನಾನು ಕೈ ಬಿಡಿಸಿಕೊಂಡು ಎದ್ದೆ.

"ನನಗ ಹೊತ್ತಿಲ್ಲರೀ ಕಾಕಾ. ಮಂದಿ ಕಾಯಾಕತ್ತಾರ. ವ್ಯಾಪಾರ ಬೇಕಾದ್ರ ಗಾಡ್ಯಾಗ ಕುಂತು ಮಾಡೂಣು."

ಕಾಕಾ ನನ್ನ ಮುಖ ನೋಡಿದರು. ನಲವತ್ತು ವರ್ಷ ಮುಖ ನೋಡಿ ಬದುಕಿದ ಮನುಷ್ಯ.

"ನೀ ನನ್ನ ಮಂಗ್ಯಾ ಮಾಡಾಕತ್ತೀ ಅನ್ನೂದು ಗೊತ್ತೈತಿ ನನಗ," ಅಂದರು. "ಆದ್ರ ರೇಟು ಭಾಳ ಕಡಿಮಿ ಅಂದಿ. ಅದನ್ನ ಹಂಗ ಬಿಡಾಕ ಆಗಂಗಿಲ್ಲ. ಏ ನೀಲಾ, ನನ್ನ ಚಪ್ಪಲಿ ಕೊಡು."

ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿ ಅವತ್ತು ಆ ಜೀಪನ್ನು ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ದಾರಿಯಲ್ಲಿ ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಗೇರು ಹಾಕುವ ನನ್ನ ಕೈಯನ್ನೇ ಆಗಾಗ ಹಿಡಿದು ಬೆರಳು ಒತ್ತಿ ತಮ್ಮ ದರ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಕಸ್ತೂರಿ ಸಿಸ್ಟರ್ ಕಾಕಾನನ್ನು, ಎರಡು ಸರದಿ ಏಕೆ ಬರಲಿಲ್ಲ, ಬುದ್ಧಿ ಇಲ್ಲವೇ ಎಂದು ಏನೊಂದೂ ಕೇಳಲಿಲ್ಲ. "ಬರ್ರಿ, ಎಡಗೈ ಕೊಡ್ರಿ," ಅಂದರು. ಆಮ್ಲಜನಕ ಹಚ್ಚಿದರು, ಸೂಜಿ ಚುಚ್ಚಿದರು, ಯಂತ್ರ ತಿರುಗಿತು. ಶನಿವಾರ ಮತ್ತೊಂದು ಸರದಿ ಕೊಟ್ಟರು. ಸೋಮವಾರ ಕಾಕಾ ಮಲಗಿ ನಿದ್ದೆ ಮಾಡಿ ಬಂದಿದ್ದರು.

ಟಗರಿನ ವ್ಯಾಪಾರ ಅಲ್ಲಿಗೆ ಮುಗಿಯಲಿಲ್ಲ. ಎರಡು ತಿಂಗಳು ನಡೆಯಿತು. ಜೀಪಿನಲ್ಲಿದ್ದವರು ಎರಡು ಪಕ್ಷವಾದರು. ಕೆಲವರು ನನ್ನನ್ನು ಜಿಪುಣ ಎಂದರು, ಕೆಲವರು ಕಾಕಾನನ್ನು ದುರಾಸೆಯವರು ಎಂದರು. ಸೂಜಿಯ ನೋವು, ಕಾಲಿನ ಸೆಳೆತ, ನೀರಡಿಕೆ ಎಲ್ಲವೂ ಇದ್ದೇ ಇದ್ದವು, ಆ ಗಾಡಿಯಲ್ಲಿ ಅವುಗಳ ಮಾತೂ ಬರುತ್ತಿತ್ತು. ಆದರೆ ಬಬಲೇಶ್ವರ ದಾಟುವಷ್ಟರಲ್ಲಿ ಮಾತು ಟಗರಿಗೆ ತಿರುಗುತ್ತಿತ್ತು. ನಾನೂ ದಿನಕ್ಕಿಷ್ಟು ಏರಿಸುತ್ತ, ಒಮ್ಮೊಮ್ಮೆ ಇಳಿಸುತ್ತ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಒಂದು ಸಂತೆಯ ದಿನ ಬೆಳಿಗ್ಗೆ ಕಾಕಾ ಟಗರನ್ನು ಹಿಡಿದುಕೊಂಡು ಸಂತೆಗೆ ಹೋಗಿದ್ದಾರೆ ಎಂದು ಕಾಕು ಹೇಳಿದರು. ನಾನು ಜೀಪು ಮೂಲೆಯಲ್ಲಿ ನಿಲ್ಲಿಸಿ, ಬಾಯಿ ಮುಚ್ಚಿಕೊಂಡು, ಹಿಂದೆ ನಿಂತು ನೋಡಿದೆ. ಕಾಕಾ ಅರ್ಧ ತೋಳಿನ ಅಂಗಿ ಹಾಕಿದ್ದರು. ಎಡಗೈಯ ಮೇಲೆ ಹಗ್ಗದಂತೆ ಉಬ್ಬಿದ ನರ, ಸೂಜಿಯ ಕಲೆ, ಎಲ್ಲ ಬಯಲಿಗಿದ್ದವು. ಮೊದಲು ಬಂದ ವ್ಯಾಪಾರಿ ಅದನ್ನು ನೋಡಿ ಕೇಳಿದಷ್ಟಕ್ಕೆ ಒಪ್ಪಿಕೊಂಡ. ಕಾಕಾ ಹಗ್ಗ ಕೊಡಲಿಲ್ಲ. ಜಗ್ಗಾಡದವನಿಗೆ ಕೊಡುವುದಿಲ್ಲ, ಮುಂದೆ ನಡಿ ಎಂದರು. ಎರಡನೆಯವನಿಗೂ ಅದೇ ಗತಿ. ಮಂದಿ ಸೇರಿದರು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಒಬ್ಬ ಮೆಲ್ಲಗೆ ಅಂದ.

ಆಗ ಲಕ್ಕವ್ವ ಬಂದಳು. ಹಿಂಡು ಸಾಕುವ ಹೆಣ್ಣುಮಗಳು, ಕಾಕಾನಿಗಿಂತ ನಾಲ್ಕೈದು ವರ್ಷ ಸಣ್ಣವಳು. ಅವಳ ಬಾಯಿಗೆ ಇಡೀ ಸಂತೆ ಅಂಜುತ್ತಿತ್ತು. ಟಗರಿನ ಬಾಯಿ ಅಗಲಿಸಿ ಹಲ್ಲು ನೋಡಿದಳು, ಬೆನ್ನು ಒತ್ತಿದಳು. ಆಮೇಲೆ ಅಷ್ಟೇ ನಿರಾಳವಾಗಿ ಕಾಕಾನ ಕೈ ನೋಡಿದಳು.

"ಇದು ನೋಯ್ತೈತೇನೋ ಯಣ್ಣಾ?"

"ಚುಚ್ಚೂವಾಗ ನೋಯ್ತೈತಿ."

"ಈಗ?"

"ಈಗ ಇಲ್ಲ."

"ಹಂಗಾರ ರೇಟ ಹೇಳು. ನಾ ಟವೆಲ್ ಗಿವೆಲ್ ಹಾಕಾಕಿ ಅಲ್ಲ, ಬಾಯಿಲೇ ಮಾಡಾಕಿ."

ಒಂದು ತಾಸು ಆ ಇಬ್ಬರೂ ಕಾದಾಡಿದರು. ಲಕ್ಕವ್ವ ಮೂರು ಸಲ ಎದ್ದು ಹೋದಳು, ಕಾಕಾ ಮೂರು ಸಲ ಹಗ್ಗ ಬಿಚ್ಚಿ ಮನೆಯ ದಾರಿ ಹಿಡಿದರು. ಟಗರಿನ ಮೂರು ತಲೆಮಾರು ಬಯಲಿಗೆ ಬಂತು. ನಾನು ಗ್ರಾಹಕನಂತೆ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದೆ, ಕೂಗಲಿಲ್ಲ. ಕಡೆಗೆ ಹಗ್ಗ ಲಕ್ಕವ್ವನ ಕೈಗೆ ಹೋಯಿತು. ಕಾಕಾ ತಾವೇ ನಡೆದು ಬಂದು ಮುಂದಿನ ಸೀಟು ಹತ್ತಿ ಕೂತರು. ಮುಖ ಬೆವೆತಿತ್ತು. ನಗು ತಡೆಯಲು ಆಗುತ್ತಿರಲಿಲ್ಲ.

"ಸುಲದ್ಳಲೇ ಸಿದ್ರಾಮ. ಇವತ್ತ ಆ ಹೆಣ್ಮಗಳು ನನ್ನ ಪೂರಾ ಸುಲದ್ಳು."

ಕಡೆಯ ದರ ಮಂದಿಯ ಗದ್ದಲದಲ್ಲಿ ನನಗೆ ಕೇಳಿಸಿರಲಿಲ್ಲ. ಎಷ್ಟಕ್ಕೆ ಹೋಯಿತು ಎಂದು ಕೇಳಿದೆ. ಬೆರಳು ಹಿಡಿದು ಹೇಳಿದರು. ನಾನು ಹಿಂದಿನ ಶುಕ್ರವಾರ ಕೇಳಿದ್ದಕ್ಕಿಂತ ಕಡಿಮೆ. ಇಂಥ ವ್ಯಾಪಾರದಲ್ಲಿ ನನಗೆ ಮೋಸವಾದದ್ದು ಅದೇ ಮೊದಲು. ಸಿಟ್ಟು ಬಂತು. ಅಷ್ಟಕ್ಕೇ ಕೊಡುವುದಾಗಿದ್ದರೆ ನನಗೇ ಕೊಡಬಹುದಿತ್ತಲ್ಲ, ನಾನು ಹೆಚ್ಚು ಕೇಳಿದ್ದೆನಲ್ಲ ಎಂದೆ.

ಕಾಕಾ ಕಿಟಕಿಯ ಗಾಜು ಇಳಿಸಿಕೊಂಡರು.

"ನಿನಗ ಟಗರ ಬೇಕಾಗಿರಲಿಲ್ಲಲೇ," ಅಂದರು. "ಆಕಿಗೆ ಬೇಕಾಗಿತ್ತು."